ಹುನಗುಂದದ ಕಂಪ್ಯೂಟರಿಗೆ ಅಪ್ಪಣೆ

ಮೈಸೂರಿನವಳಾದ ನನ್ನನ್ನು ಎಂಬತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಗೆ ತಂದದ್ದು ಕಂಪ್ಯೂಟರ್ ದುರಸ್ತಿಯ ಕೆಲಸ. ಹುನಗುಂದದಲ್ಲಿ ನೂಲು ಹಂಚುವ ಸರ್ಕಾರಿ ಕಚೇರಿಯೊಂದರಲ್ಲಿ ನಮ್ಮ ಕಂಪನಿ ಕೂರಿಸಿದ ಕಂಪ್ಯೂಟರಿನೊಳಗೆ ಇಳಕಲ್ಲಿನ ನೇಕಾರರ ಪಟ್ಟಿಯಿತ್ತು. ಪಟ್ಟಿ ಹೊರಬರದಿದ್ದರೆ ಅವರಿಗೆ ನೂಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರು ತನ್ನ ಕಡತಗಳನ್ನು ಪರೀಕ್ಷಿಸಿ, ‘ಕೆಟ್ಟದ್ದನ್ನು ಸರಿಪಡಿಸಲೇ?’ ಎಂದು ಕೇಳಿ, ಉತ್ತರ ಸಿಗುವವರೆಗೆ ಸುಮ್ಮನೆ ಕೂತಿರುತ್ತಿತ್ತು.

‘ಹೌದು’ ಎಂಬ ಕೀಲಿ ಒತ್ತು ಎಂದು ಜವಾನ ಈರಪ್ಪನಿಗೆ ಫೋನಿನಲ್ಲಿ ಹೇಳಿದರೆ, “ಸಾಹೇಬ್ರ ಸಹಿ ಇಲ್ದ ನಾ ಹೆಂಗ ಹೌದು ಅನ್ಲಿರಿ, ಬಾಯಾರ?” ಎನ್ನುತ್ತಿದ್ದ. ಒಂದು ಕೀಲಿ ಒತ್ತಲು ನಾನು ಬಸ್ಸು ಹತ್ತಬೇಕಿತ್ತು. ಅಲ್ಲಿಯವರೆಗೆ ನೇಕಾರರು ಕಟ್ಟೆಯ ಮೇಲೆ ಕಾಯುತ್ತಿದ್ದರು.

ಬೇಸತ್ತು ಒಂದು ದಿನ ಸಾಹೇಬರ ಮುಂದೆ ಅರ್ಜಿ ಹಿಡಿದು ಕೂತೆ. ಇನ್ನು ಮುಂದೆ ಕಂಪ್ಯೂಟರು ಯಾರನ್ನೂ ಕೇಳದೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಲಿ ಎಂದೆ.

“ಅಂದ್ರ, ಏನ ಬಂದ್ರೂ ತಾನ ಹೂಂ ಅಂತೈತಿ?” ಸಾಹೇಬರು ಹುಬ್ಬೇರಿಸಿದರು. “ಭಾಳ ಧೋಕಾ ಐತ್ರಿ ಬಾಯಾರ. ಓದಿ ನೋಡಾಕ ಒಬ್ಬ ಮನಷ್ಯಾ ಇರಬೇಕು.”

ಅಷ್ಟರಲ್ಲಿ ಈರಪ್ಪ ಕಾಗದದ ಕಟ್ಟು ತಂದಿಟ್ಟ. ಅವನು ಒಂದೊಂದೇ ಹಾಳೆಯ ಮೂಲೆ ಎತ್ತುತ್ತಿದ್ದ, ಸಾಹೇಬರು ನನಗೆ ಆ ಅಪಾಯ ವಿವರಿಸುತ್ತಲೇ ಸಹಿ ಹಾಕುತ್ತಿದ್ದರು. ಈರಪ್ಪ ನನ್ನ ಕೈಯಿಂದ ಅರ್ಜಿ ತೆಗೆದು ಮೆಲ್ಲಗೆ ಕಟ್ಟಿನೊಳಗೆ ಸೇರಿಸಿದ. ಅದಕ್ಕೂ ಸಹಿ ಬಿತ್ತು.

“ಸಹಿ ಆತಲ್ರಿ,” ಎಂದ ಹೊರಗೆ ಬಂದು. “ಇನ್ನ ಅದು ಎಷ್ಟ ಬೇಕಾದ್ರೂ ಹೌದು ಅನ್ಲಿ.”

ಅಂದಿನಿಂದ ಕಂಪ್ಯೂಟರು ತನ್ನ ಪಾಡಿಗೆ ತಾನೇ ಹೂಂ ಅನ್ನತೊಡಗಿತು. ಸಾಹೇಬರು ಹೆದರಬೇಕಾಗಿರಲಿಲ್ಲ. ಹೂಂ ಅನ್ನುವ ಮೊದಲು ಅದು ಕಡತಗಳನ್ನೆಲ್ಲ ಒಮ್ಮೆ ಓದುತ್ತಿತ್ತು.