ದುರುಗವ್ವನ ಮದುವೆ ಸೀರೆ

ಚಳಿಗೆ ಕೋಟು ಹುಡುಕೋಣವೆಂದು ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆಯೊಂದಿಗೆ ಕೈಗೆ ಸಿಕ್ಕಿದ್ದು ಅಂಗೈಯಗಲದ ಗಾಜಿನ ಚಿತ್ರ. ಹರಕು ಸೀರೆಯುಟ್ಟ ಹೆಂಗಸು. ಕೆಳಗಿನ ಚೀಟಿಯಲ್ಲಿ ನನ್ನದೇ ದುಂಡು ಅಕ್ಷರ: 'ದಾರಿದ್ರ್ಯ'. ಕೋಟು ಮರೆತೇ ಹೋಯಿತು.

ನಗಬೇಡಿ, ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ನಾನೊಬ್ಬ ಸಮಾಜೋದ್ಧಾರಕ. ಮಾವ ಕೊಡಿಸಿದ ಡಬ್ಬಿ ಕ್ಯಾಮೆರಾ, ಇಸ್ತ್ರಿ ಮಾಡಿದ ಖಾದಿ, ಅರೆಬೆಂದ ಆದರ್ಶ, ಇಷ್ಟೇ ಬಂಡವಾಳ. ಕೇರಿಯವರ ಬದುಕಿನ ಚಿತ್ರ ತೆಗೆದು, ಗಾಜಿನ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನಿನಲ್ಲಿ ಜಗಳೂರು ಪೇಟೆಯವರಿಗೆ ತೋರಿಸಿ, ಅವರ ಕಣ್ಣು ತೆರೆಸುತ್ತೇನೆಂದು ಗೆಳೆಯನೊಬ್ಬನನ್ನು ಕಟ್ಟಿಕೊಂಡು ಸೊಕ್ಕೆ ಎಂಬ ಹಳ್ಳಿಗೆ ಹೊರಟೆ.

ದುರುಗವ್ವನದು ಊರ ಬಾವಿಗೆ ನೀರು ಸೇದುವ ತೊಗಲಿನ ಬಾನಿ ಹೊಲಿದುಕೊಡುವ ಮನೆ. ಬಾನಿ ಅವರದು, ಆ ಬಾವಿಯ ನೀರು ಮಾತ್ರ ಅವರು ಮುಟ್ಟುವಂತಿರಲಿಲ್ಲ. ಒಬ್ಬನೇ ಮಗ ಮಿಲಿಟರಿ ಸೇರಿ ದೂರ ಹೋಗಿದ್ದ. ಕ್ಯಾಮೆರಾ ಕಂಡದ್ದೇ ಆಕೆ ಒಳಗೆ ಓಡಿದಳು. ತಲೆಗೆ ಎಣ್ಣೆ ಹಚ್ಚಿ, ಕೆಂಪು ಮದುವೆ ಸೀರೆಯುಟ್ಟು ಬಂದು ನಿಂತಳು.

"ಅವ್ವ ಹೆಂಗದಾಳೋ ಅಂತ ಮಗ ಕಾಗದ ಬರೆಸ್ತಾನೆ ಬುದ್ಧಿ. ಒಂದು ಪಟ ಕಳಿಸಿದ್ರೆ ಅವನ ಜೀವ ನಿರಾಳ ಆಗ್ತೈತೆ."

ನನಗೆ ಎಂಥ ನಿರಾಸೆ ಅಂತೀರಿ! ಬಡತನ ಹುಡುಕಿಕೊಂಡು ಅಷ್ಟು ದೂರ ಬಂದರೆ ಅದು ಸಿಂಗರಿಸಿಕೊಂಡು ನಿಲ್ಲುವುದೇ?

"ಹರಿದ ಸೀರೆ ಇಲ್ವೇನೇ? ಮೊದಲು ಅದನ್ನ ಉಟ್ಕೊಂಡು ಬಾ. ಆಮೇಲೆ ಇದರಲ್ಲಿ ತೆಗೀತೀನಿ." ತಾಯಿಯ ವಯಸ್ಸಿನವಳಿಗೆ ಏಕವಚನ. ಉದ್ಧಾರಕರು ಹಾಗೆಯೇ ಮಾತಾಡುತ್ತಿದ್ದೆವು.

"ಹರಿದದ್ದಕ್ಕೇನು ಬರ, ಬುದ್ಧಿ?" ಎಂದು ನಕ್ಕು ಒಳಗೆ ಹೋದಳು.

ರೋಲಿನಲ್ಲಿ ಎಂಟು ಚಿತ್ರ. ಒಲೆಯ ಮುಂದೆ, ಹೊಸ್ತಿಲ ಮೇಲೆ, ಆಕಾಶ ನೋಡುತ್ತಾ, ಹೀಗೆ ಏಳು ಹರಕು ಸೀರೆಗೆ ಹೋದವು. ಎಂಟನೆಯದು? ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟು, ಗುಡಿಸಲ ಮುಂದೆ ಗದ್ದ ಎತ್ತಿ ನಾನೇ ನಿಂತೆ. ದುರುಗವ್ವ ಮತ್ತೆ ಕೆಂಪು ಸೀರೆಯುಟ್ಟು ಬರುವಷ್ಟರಲ್ಲಿ ರೋಲು ಮುಗಿದಿತ್ತು. ಮುಂದಿನ ಸಲ ಎಂದೆ.

ಜಗಳೂರಿನ ಸಾಹುಕಾರರೊಬ್ಬರ ಅಂಗಳದಲ್ಲಿ ಒದ್ದೆ ಪಂಚೆ ಕಟ್ಟಿ ಪ್ರದರ್ಶನ. ಪಂಚೆಯ ಮುಂದೆ ಪೇಟೆಯವರು, ಹಿಂದೆ ಕೇರಿಯವರು. ಹಿಂದಿನವರಿಗೆ ಚಿತ್ರ ಎಡಬಲ ತಿರುಗಿ ಕಾಣುತ್ತಿತ್ತು. ಸಮಾನತೆಯ ಮೇಲೆ ಒಂದು ಗಂಟೆ ಕೊರೆದ ನನಗೆ ಅದು ಹೊಳೆಯಲೇ ಇಲ್ಲ. ಮುಂದಿದ್ದವರು ಕಣ್ಣೊರೆಸಿಕೊಂಡರು, ನನಗೆ ಹಾರ ಹಾಕಿದರು.

ಎಲ್ಲ ಚದುರಿದ ಮೇಲೆ ದುರುಗವ್ವ ಆಚೆ ನಿಂತು ಹೇಳಿದಳು: "ಆ ಪಟ ಮಗನಿಗೆ ಕಳಿಸಬ್ಯಾಡ್ರಿ ಬುದ್ಧಿ. ನೋಡಿದ್ರೆ ಉಣ್ಣಾದೇ ಬಿಡ್ತಾನೆ." ಹೊರಟವಳು ತಿರುಗಿ, "ನಿಮ್ದು ಚೆಂದ ಬಂದೈತೆ" ಎಂದಳು.

ಯುದ್ಧ ಮುಗಿಯುವ ತನಕ ರೋಲು ಸಿಗಲಿಲ್ಲ. ಸಿಕ್ಕಾಗ ದುರುಗವ್ವ ಇರಲಿಲ್ಲ. ಮಗ ಬಂದು ಕೇಳಿದ: "ಅವ್ವಂದೊಂದು ಪಟ ನಿಮ್ತಾವ ಐತಂತಲ್ರೀ?" ಇಲ್ಲ ಎಂದೆ. ಆಕೆಯ ಮಾತು ಉಳಿಸಲೆಂದು ಹಾಗೆ ಹೇಳಿದೆನೆಂದು ಬಹಳ ಕಾಲ ನನ್ನನ್ನೇ ನಂಬಿಸಿಕೊಂಡಿದ್ದೆ. ನಿಜ ಹೇಳಿದರೆ, ನಾಚಿಕೆಯಾಗಿತ್ತು.

ಚೀಟಿ ಉಗುರಿನಿಂದ ಕೆರೆದು ತೆಗೆದೆ. ವಯಸ್ಸಾಯಿತು, ಅಕ್ಷರ ಈಗ ಅಷ್ಟು ದುಂಡಗಿಲ್ಲ. ಹೊಸ ಚೀಟಿಯಲ್ಲಿ ಬರೆದೆ: 'ದುರುಗವ್ವನವರು, ಸೊಕ್ಕೆ. ಕೆಂಪು ಸೀರೆ ಒಳಗಿದೆ. ಬದಲಿಸಲು ಹೇಳಿದವನು ನಾನು.'