ಒಂಬತ್ತನೆಯ ಸಿಗ್ನಲ್

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅದನ್ನೂ ಎರಡನೆಯ ಸಲಕ್ಕೆ ಪಾಸು ಮಾಡಿದವನು. ಅಂಥವನನ್ನು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸುಮಾರು ಇನ್ನೂರು ಜನ ‘ಸಿಸ್ಟಮ್ ಅಣ್ಣ’ ಎಂದು ಕರೆಯುತ್ತಿದ್ದರು. ಆ ಹೆಸರಿಗೆ ನಾನು ಎಷ್ಟು ಉಬ್ಬಿಹೋಗಿದ್ದೆ ಎಂದರೆ, ಊರಿನಲ್ಲಿ ಯಾರಾದರೂ ಹಳೆಯ ಹೆಸರಿನಿಂದ ಕೂಗಿದರೆ ತಕ್ಷಣ ತಿರುಗಿ ನೋಡುತ್ತಿರಲಿಲ್ಲ. ಈಗ ವಯಸ್ಸಾಗಿದೆ, ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಒಬ್ಬ ಹೆಣ್ಣುಮಗಳಿಗೆ ನಾನು ಮಾಡಿದ ಅನ್ಯಾಯವನ್ನು ಬರೆದಿಟ್ಟು ಹೋಗಬೇಕು ಅನ್ನಿಸಿದೆ.

ಹಾರೋಹಳ್ಳಿಗೆ ಬರುವ ಮೊದಲು ನಾನು ರಾಮನಗರದ ಒಂದು ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಟೈಮ್ ಕೀಪರ್ ಆಗಿದ್ದೆ. ಅದು ಮುಚ್ಚಿತು. ಅದೇ ಹೊತ್ತಿಗೆ ಹಾರೋಹಳ್ಳಿಯಲ್ಲಿ ಜಮೀನುಗಳೆಲ್ಲ ಶೆಡ್ಡುಗಳಾಗುತ್ತಿದ್ದವು. ಒಂದು ಶೆಡ್ಡಿನ ಟೈಮ್ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲು ರಿಜಿಸ್ಟರ್ ಇತ್ತು. ಕೆಲವು ವರ್ಷಗಳಾದ ಮೇಲೆ ಕಂಪ್ಯೂಟರ್ ಬಂತು. ಜೊತೆಯ ಗುಮಾಸ್ತ ಅದನ್ನು ಮುಟ್ಟಲು ಹೆದರಿದ. ನಾನು ಗುಂಡಿ ಒತ್ತಿದೆ, ದೀಪ ಹತ್ತಿತು. ಅಷ್ಟರಿಂದಲೇ ನಾನು ಸಿಸ್ಟಮ್ ಅಣ್ಣನಾದೆ.

ವ್ಯವಸ್ಥೆ ಹೀಗಿತ್ತು. ಗೇಟಿನಲ್ಲಿ ಒಂದು ಯಂತ್ರ. ಕೆಲಸದವರು ಕಾರ್ಡು ಉಜ್ಜಿದರೆ ಹಸಿರು ದೀಪ ಹತ್ತುತ್ತಿತ್ತು. ಯಂತ್ರ ಆ ಹಾಜರಿಯನ್ನು ತನ್ನಲ್ಲಿ ಇಟ್ಟುಕೊಳ್ಳದೆ ಒಳಗಿನ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ದಾಟಿಸುತ್ತಿತ್ತು. ಅಲ್ಲಿ ಹಗಲೂ ರಾತ್ರಿ ಓಡುತ್ತಿದ್ದ ಒಂದು ಪ್ರೋಗ್ರಾಮು ಬಂದ ಹಾಜರಿಗಳನ್ನು ತನ್ನ ನೆನಪಿನಲ್ಲಿ ಹಿಡಿದುಕೊಂಡು, ಅರ್ಧ ಗಂಟೆಗೊಮ್ಮೆ ಡಿಸ್ಕಿಗೆ ಬರೆಯುತ್ತಿತ್ತು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅದು ಮಂದವಾಗುತ್ತಿತ್ತು. ಆಗ ಅದನ್ನು ನಿಲ್ಲಿಸಿ ಮತ್ತೆ ಓಡಿಸಬೇಕು. ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವಾಗ ಮುಟ್ಟಬಾರದು, ಎರಡು ಗಂಟೆ ಹತ್ತು ನಿಮಿಷದ ಮೇಲೆ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಗೋಡೆಗೆ ಅಂಟಿಸಿದ್ದರು.

ನಿಲ್ಲಿಸುವುದೆಂದರೆ ಪ್ರೋಗ್ರಾಮಿಗೆ ಒಂದು ಸಿಗ್ನಲ್, ಅಂದರೆ ಅಂಕಿಯಿಂದ ಗುರುತಿಸುವ ಒಂದು ಸೂಚನೆ, ಕಳಿಸುವುದು. ಹಾಳೆಯಲ್ಲಿ ಇದ್ದದ್ದು ಹದಿನೈದನೆಯ ಸಿಗ್ನಲ್. ಅದನ್ನು ಕಳಿಸಿದರೆ ಪ್ರೋಗ್ರಾಮು ಕೂಡಲೇ ನಿಲ್ಲುತ್ತಿರಲಿಲ್ಲ. ಮೂರು ನಾಲ್ಕು ನಿಮಿಷ ಏನೋ ಮಾಡುತ್ತಾ ಕೂರುತ್ತಿತ್ತು. ನಮ್ಮ ಕಂಪನಿ ಬಸ್ಸು ಎರಡೂಕಾಲಿಗೆ ಹೊರಡುತ್ತಿತ್ತು. ಬಸ್ಸು ತಪ್ಪುತ್ತಿರಲಿಲ್ಲ, ತಪ್ಪುತ್ತಿದ್ದದ್ದು ಕಿಟಕಿ ಪಕ್ಕದ ಸೀಟು. ಬಿಸಿಲು ಬೀಳದ ಎಡಗಡೆಯ ಕಿಟಕಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ಇಡೀ ಕಥೆಗೆ ಬೇರೆ ಕಾರಣವಿಲ್ಲ.

ಒಮ್ಮೆ ಪ್ರೋಗ್ರಾಮು ನಿಜವಾಗಿಯೂ ಸಿಕ್ಕಿಹಾಕಿಕೊಂಡಾಗ ಫೋನಿನಲ್ಲಿ ಯಾರೋ ಹೇಳಿದ್ದರು: ಏನು ಮಾಡಿದರೂ ನಿಲ್ಲದಿದ್ದರೆ ಕೊನೆಗೆ ಒಂಬತ್ತು ಕಳಿಸಿ. ‘ಏನು ಮಾಡಿದರೂ’ ಎಂಬುದನ್ನೂ ‘ಕೊನೆಗೆ’ ಎಂಬುದನ್ನೂ ನಾನು ಅಲ್ಲೇ ಬಿಟ್ಟು ಒಂಬತ್ತನ್ನು ಮಾತ್ರ ಕಲಿತೆ. ಒಂಬತ್ತು ಕಳಿಸಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಪ್ರೋಗ್ರಾಮು ಮಲಗುತ್ತಿತ್ತು. ಮತ್ತೆ ಎಬ್ಬಿಸಿ, ಟಿಫನ್ ಡಬ್ಬಿ ಹಿಡಿದು ನಡೆದರೆ ಕಿಟಕಿ ನನ್ನದು. ಹದಿನೈದು ಹಳಬರ ಪದ್ಧತಿ, ಒಂಬತ್ತು ಹೊಸದು ಎಂದು ಜೊತೆಯ ಗುಮಾಸ್ತನಿಗೆ ಪಾಠವನ್ನೂ ಮಾಡಿದೆ.

ಆದರೆ ಆ ಪ್ರೋಗ್ರಾಮು ಸುಮ್ಮನೆ ಸಹಿಸಿಕೊಳ್ಳಲಿಲ್ಲ. ಒಂಬತ್ತು ಕೊಟ್ಟು ಮಲಗಿಸಿದ ಮೇಲೆ ಮತ್ತೆ ಎಬ್ಬಿಸಿದಾಗ ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಬರುತ್ತಿತ್ತು. ಹಿಂದಿನ ಸಲ ಸರಿಯಾಗಿ ಮುಗಿದಿಲ್ಲ, ಕೈಯಲ್ಲಿದ್ದ ದಾಖಲೆಗಳು ಬರೆಯದೆ ಹೋಗಿರಬಹುದು ಎಂದು. ಇಂಗ್ಲಿಷಿನಲ್ಲಿದ್ದರೂ ನನಗೆ ಓದಲು ಬರುತ್ತಿತ್ತು. ಬರದಿದ್ದರೆ ಈಗ ಎಷ್ಟು ನೆಮ್ಮದಿಯಾಗಿರುತ್ತಿತ್ತು! ನನಗೆ ಕಳವಳವಾದದ್ದು ದಾಖಲೆಯ ಬಗ್ಗೆ ಅಲ್ಲ, ಹಳದಿ ಬಣ್ಣದ ಬಗ್ಗೆ. ಆ ಕಡೆ ಬಂದ ಮ್ಯಾನೇಜರು ಇದೇನ್ರೀ ಹಳದಿ ಎಂದು ಕೇಳಿಬಿಟ್ಟರೆ ಸಿಸ್ಟಮ್ ಅಣ್ಣನ ಮಾನ ಏನಾಗಬೇಕು? ಮೊದಲು ಪರದೆಯ ಆ ಭಾಗಕ್ಕೆ ಬ್ಯಾಂಕಿನವರು ಕೊಟ್ಟ ಪುಟ್ಟ ಕ್ಯಾಲೆಂಡರನ್ನು ಅಡ್ಡ ನಿಲ್ಲಿಸಿದೆ. ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶವೊಂದಿರುತ್ತದೆ, ಅದಕ್ಕೆ ರನ್‌ಟೈಮ್ ಎನ್ನುತ್ತಾರೆ. ಶುರು ಮಾಡುವ ಸಾಲಿಗೆ ಒಂದು ಸಣ್ಣ ಪದ ಸೇರಿಸಿದರೆ ಆ ರನ್‌ಟೈಮ್ ಎಚ್ಚರಿಕೆಗಳನ್ನೆಲ್ಲ ನುಂಗಿಕೊಳ್ಳುತ್ತದೆ ಎಂಬುದನ್ನು ಜೊತೆಗೆ ಬಂದ ಪುಸ್ತಕದಲ್ಲಿ ಹುಡುಕಿ ತೆಗೆದು, ಹಾಗೇ ಸೇರಿಸಿದೆ. ಆ ಪುಸ್ತಕದಲ್ಲಿ ನಾನು ಶ್ರದ್ಧೆಯಿಂದ ಓದಿದ್ದು ಅದೊಂದೇ ಪುಟ. ಆಯುಧಪೂಜೆಗೆ ಸರ್ವರ್ ಪೆಟ್ಟಿಗೆಗೆ ವಿಭೂತಿ ಪಟ್ಟೆ ಹಚ್ಚಿ ಕುಂಕುಮವಿಟ್ಟು ಕೈಮುಗಿದವನೂ ನಾನೇ, ಅದರ ಬಾಯಿ ಕಟ್ಟಿದವನೂ ನಾನೇ.

ಈಗ ಆ ಹೆಣ್ಣುಮಗಳು. ಅಕ್ಕೂರಿನ ಕಡೆಯವಳು, ಹಾರೋಹಳ್ಳಿಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು. ಪ್ಯಾಕಿಂಗ್ ಲೈನಿನಲ್ಲಿ ಕಂಟ್ರಾಕ್ಟ್ ಮೇಲೆ ಎರಡನೆಯ ಶಿಫ್ಟು. ಕಂಟ್ರಾಕ್ಟಿನವರಿಗೆ ಕಂಪನಿ ಬಸ್ಸಿಲ್ಲ. ಹಳ್ಳಿಯ ಖಾಸಗಿ ಬಸ್ಸು ಕೆಲವು ದಿನ ಎರಡಕ್ಕೆ ಮುಂಚೆ, ಕೆಲವು ದಿನ ಎರಡಾದ ಮೇಲೆ ಅವಳನ್ನು ತಂದಿಳಿಸುತ್ತಿತ್ತು. ಹತ್ತು ನಿಮಿಷ ತಡವಾದರೂ ನಡೆಯುತ್ತಿತ್ತು. ವರ್ಷದಲ್ಲಿ ಇನ್ನೂರ ನಲವತ್ತು ದಿನ ಹಾಜರಿ ಇದ್ದರೆ ಕಾಯಂ ಮಾಡುವ ಪಟ್ಟಿಗೆ ಹೆಸರು. ಅವಳದು ಕಂಪ್ಯೂಟರಿನಲ್ಲಿ ಇನ್ನೂರ ಮೂವತ್ತೇಳು ಬಂತು. ಲೈನಿನ ಮೇಸ್ತ್ರಿಯ ಕೈಬರಹದ ಪುಸ್ತಕದಲ್ಲಿ ಪೂರ್ತಿ ಇನ್ನೂರ ನಲವತ್ತಿತ್ತು.

ಪಟ್ಟಿ ಹೊರಬೀಳಲು ಒಂದು ವಾರವಿದ್ದಾಗ ಅವಳು ನನ್ನ ಕಿಟಕಿಗೆ ಬಂದು ನಿಂತಳು.

“ಗೈರು ಅಂತ ತೋರಿಸೋ ಮೂರು ದಿನವೂ ನಾನು ಬಂದಿವ್ನಿ ಕಣಣ್ಣ. ಕಾರ್ಡ್ ಉಜ್ದೆ, ಹಸುರು ಲೈಟು ಬಂತು. ಒಸಿ ನೋಡಿ ಹೇಳಣ್ಣ.”

ನಾನು ನೋಡಿದೆ. ಆ ಮೂರು ದಿನವೂ ರಾತ್ರಿ ಹೊರಗೆ ಹೋದ ಗುರುತಿತ್ತು, ಮಧ್ಯಾಹ್ನ ಒಳಗೆ ಬಂದ ಗುರುತಿರಲಿಲ್ಲ. ಒಳಗೆ ಬರದವಳು ಹೊರಗೆ ಹೋದದ್ದು ಹೇಗೆ ಎಂದು ಕತ್ತೆಗಾದರೂ ಅನುಮಾನ ಬರಬೇಕಿತ್ತು. ನಾನು ಕುರ್ಚಿಗೆ ಒರಗಿಕೊಂಡು ಹೇಳಿದೆ, “ಸುಳ್ಳು ಹೇಳಕ್ಕೆ ಕಂಪ್ಯೂಟರಿಗೇನು ಹೊಟ್ಟೆಪಾಡಾ ಕಣವ್ವ? ನೀನೇ ಎಲ್ಲೋ ಮರ್ತಿದೀಯ.”

ಅವಳು ಹೊರಟುಹೋದಳು. ಪಕ್ಕದ ಗುಮಾಸ್ತ ನನ್ನ ಮಾತಿಗೆ ನಕ್ಕ. ನನಗೆ ಖುಷಿಯಾಯಿತು.

ಎರಡು ದಿನ ಬಿಟ್ಟು ಪ್ರೋಗ್ರಾಮು ಬರೆದ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ವರ್ಷಕ್ಕೊಮ್ಮೆ ತಪಾಸಣೆಗೆ ಬರುವುದು ವಾಡಿಕೆ. ಕನ್ನಡಕ ಹಾಕಿಕೊಂಡು, ನನ್ನನ್ನು ಸರ್ ಎನ್ನುತ್ತಾ, ಮೊದಲು ಶುರು ಮಾಡುವ ಸಾಲನ್ನು ನೋಡಿದಳು. ಎಚ್ಚರಿಕೆ ನಿಲ್ಲಿಸಿದ್ದು ಯಾರು ಎಂದಳು. ಗೊತ್ತಿಲ್ಲ ಎಂದೆ. ಹೇಗೆ ನಿಲ್ಲಿಸುತ್ತೀರಿ ಎಂದಳು. ಹಾಳೆಯಲ್ಲಿರುವ ಹಾಗೇ, ಹದಿನೈದು ಕೊಟ್ಟು ಎಂದೆ. ಅವಳು ಇನ್ನೊಂದು ಗುಂಡಿ ಒತ್ತಿದಳು. ನಾನು ತಿಂಗಳುಗಟ್ಟಲೆ ಟೈಪು ಮಾಡಿದ ಆಜ್ಞೆಗಳೆಲ್ಲ ಪರದೆಯ ಮೇಲೆ ಒಂದರ ಕೆಳಗೊಂದು ಬಂದು ನಿಂತವು. ಒಂಬತ್ತು, ಒಂಬತ್ತು, ಒಂಬತ್ತು. ಕಂಪ್ಯೂಟರು ಅದನ್ನೆಲ್ಲ ಗುರುತಿಟ್ಟುಕೊಳ್ಳುತ್ತದೆ ಎಂದು ಸಿಸ್ಟಮ್ ಅಣ್ಣನಿಗೆ ಗೊತ್ತಿರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದೆ. “ಸರ್, ಹದಿನೈದು ಬಂದ್ರೆ ಪ್ರೋಗ್ರಾಮಿಗೆ ಗೊತ್ತಾಗುತ್ತೆ. ಹೊಸದನ್ನ ತಗೊಳ್ಳೋದು ನಿಲ್ಲಿಸಿ, ಕೈಯಲ್ಲಿರೋದನ್ನೆಲ್ಲ ಬರೆದು, ಆಮೇಲೆ ತಾನೇ ಮುಚ್ಕೊಳ್ಳುತ್ತೆ. ಆ ನಾಲ್ಕು ನಿಮಿಷ ಅದಕ್ಕೇ. ಒಂಬತ್ತು ಅದರ ಕೈಗೆ ಸಿಗೋದೇ ಇಲ್ಲ ಸರ್. ಸತ್ತೆ ಅಂತಾನೂ ಅದಕ್ಕೆ ಗೊತ್ತಾಗಲ್ಲ” ಎಂದಳು.

ಹೋದ ಹಾಜರಿಯನ್ನು ತೆಗೆಯಬಹುದೇ ಎಂದು ಕೇಳಿದೆ. ಆಗುವುದಿಲ್ಲ ಎಂದಳು. ಎರಡು ಗಂಟೆಗೆ ಒಮ್ಮೆ ಬರೆದಿರುತ್ತದೆ, ಮುಂದಿನದು ಎರಡೂವರೆಗೆ. ನಡುವೆ ಎರಡೂ ಹತ್ತಕ್ಕೆ ನೀವು ಕೊಂದರೆ, ಎರಡಾದ ಮೇಲೆ ಬಂದವರ ಹಾಜರಿ ಹೋಯಿತು. ಪ್ಯಾಕಿಂಗ್ ಲೈನಿನವಳ ಆ ಮೂರು ದಿನಗಳನ್ನು ನಾನು ಒಂಬತ್ತು ಕೊಟ್ಟ ದಿನಗಳ ಜೊತೆ ಇಟ್ಟು ನೋಡಿದೆ, ಮೂರೂ ಕೂಡಿದವು. ಬೇರೆಯವರದೂ ಒಂದೆರಡು ದಿನ ಹೋಗಿತ್ತು, ಆದರೆ ಅವರ ದಿನಗಳು ಧಾರಾಳವಾಗಿದ್ದವು, ಯಾರಿಗೂ ಗೊತ್ತಾಗಿರಲಿಲ್ಲ. ಕಂಟ್ರಾಕ್ಟಿನವರ ಕೂಲಿ ಮೇಸ್ತ್ರಿಯ ಪುಸ್ತಕದ ಮೇಲೆ ನಡೆಯುತ್ತಿದ್ದುದರಿಂದ ಅಲ್ಲೂ ಬಯಲಾಗಿರಲಿಲ್ಲ. ತಾನು ಇದನ್ನು ಕಾಯಂ ಪಟ್ಟಿ ಮಾಡುವ ಆಫೀಸರಿಗೆ ಹೇಳುವುದಿಲ್ಲ, ನೀವೇ ಹೇಳುತ್ತೀರಿ ಅಲ್ಲವೇ ಎಂದಳು ಹುಡುಗಿ. ಹೌದು ಎಂದೆ. ನನ್ನ ನರೆಗೂದಲು ನೋಡಿ ನಂಬಿ ಹೋದಳು.

ಆಫೀಸರ ಬಾಗಿಲಿಗೆ ನಾನು ಎರಡು ಸಲ ಹೋದೆ. ಒಂದು ಸಲ ಅವರು ಫೋನಿನಲ್ಲಿದ್ದರು, ಅಷ್ಟು ಸಾಕಾಯಿತು. ಇನ್ನೊಂದು ಸಲ ಏನು ಬಂದ್ರಿ ಎಂದು ಕೇಳಿದರು. ಪೆನ್ನು ಮುಗಿದಿದೆ ಎಂದೆ. ಒಂದು ಡಬ್ಬಿ ಪೆನ್ನು ಕೊಟ್ಟರು. ಅದನ್ನು ಎದೆಗೆ ಅವುಚಿಕೊಂಡು ವಾಪಸು ಬಂದೆ.

ಪಟ್ಟಿ ಬೋರ್ಡಿಗೆ ಬಿತ್ತು. ಅವಳ ಹೆಸರಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಬಹುಶಃ ಈಗಲೂ ಬಾಯಿ ಬಿಡುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬಾಕೆ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಕಂಪ್ಯೂಟರಿನಲ್ಲಿ ಗೈರು, ಮೇಸ್ತ್ರಿ ಪುಸ್ತಕದಲ್ಲಿ ಹಾಜರು, ಅಂದರೆ ಮೇಸ್ತ್ರಿಗೆ ಅವಳ ಮೇಲೆ ಅಷ್ಟು ಪ್ರೀತಿ ಯಾಕೆ, ಆ ಮೂರು ದಿನ ಅವಳು ಎಲ್ಲಿಗೆ ಹೋಗಿದ್ದಳು, ಎಂದು. ಮಾತು ಅವಳ ಅತ್ತೆಯ ಕಿವಿಗೂ ಮುಟ್ಟಿದೆ, ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿಲ್ಲ ಎಂದೂ ಹೇಳಿದಳು. ಅವಳು ಕಳೆದುಕೊಂಡದ್ದು ಬರೀ ಕೆಲಸ ಎಂದು ನಾನು ಅಂದುಕೊಂಡಿದ್ದೆ.

ಭಾನುವಾರ ಅವಳ ಮನೆಗೆ ಹೋದೆ. ಜಗುಲಿಯ ಮೇಲೆ ಅತ್ತೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ನಿಮ್ಮ ಸೊಸೆಯದು ತಪ್ಪಿಲ್ಲ, ನನ್ನದು ಎಂದೆ. ಏನು ತಪ್ಪು ಎಂದಳು. ಸರ್ವರು, ಸಿಗ್ನಲ್ಲು, ಒಂಬತ್ತು, ಹದಿನೈದು ಎಂದು ಶುರು ಮಾಡಿದೆ. ಸೊಸೆಯನ್ನು ಕಾಪಾಡಲು ಯಾರೋ ಕಳಿಸಿದ ಸುಳ್ಳುಗಾರ ಇರಬೇಕು ಎಂಬಂತೆ ನೋಡುತ್ತಾ ಅವಳು ಸೊಪ್ಪು ಹೆಚ್ಚುತ್ತಲೇ ಇದ್ದಳು. ಬೆವರು ಒರೆಸಿಕೊಳ್ಳುತ್ತಾ ಬೇರೆ ದಾರಿ ಕಾಣದೆ ಕೇಳಿದೆ, “ಅವ್ವಾ, ಫಿಲೇಚರ್‌ನಾಗೆ ಸೈರನ್ ಹೊಡೆಯೋದು ಕೇಳಿದೀಯಾ?”

“ಕೇಳೋದೇನು. ಮದ್ವೆಗೆ ಮುಂಚೆ ನಾಕು ವರ್ಷ ದುಡಿದಿವ್ನಿ.”

ಫಿಲೇಚರ್‌ನಲ್ಲಿ ಕೆಲಸ ಮುಗಿಸಲು ಎರಡು ಸೈರನ್. ಮೊದಲನೆಯದಕ್ಕೆ ಹೊಸ ಗೂಡು ಹಾಕುವಂತಿಲ್ಲ, ಬೇಸಿನ್ನಿನ ಬಿಸಿನೀರಿನಲ್ಲಿ ಇರುವ ಗೂಡುಗಳ ನೂಲನ್ನು ಪೂರ್ತಿ ಸುತ್ತಿ ಎಳೆ ಕಟ್ಟಬೇಕು. ಹತ್ತು ನಿಮಿಷದ ಮೇಲೆ ಎರಡನೆಯದು, ಆಗ ಸ್ಟೀಮ್ ಬಂದ್. ನಡುವೆ ನಿಲ್ಲಿಸಿದರೆ ಬೆಂದ ಗೂಡು ಬೆಳಗಾಗುವಷ್ಟರಲ್ಲಿ ಹಾಳು. ಹದಿನೆಂಟು ವರ್ಷ ಆ ಎರಡು ಸೈರನ್ನನ್ನೂ ಹೊಡೆದದ್ದು ನನ್ನ ಕೈಯೇ, ಅದನ್ನೂ ಅವಳಿಗೆ ಹೇಳಿದೆ. ಕಾರ್ಖಾನೆಯ ಕಂಪ್ಯೂಟರಿನಲ್ಲೂ ಹಾಗೇ ಎರಡಿವೆ ಎಂದೆ.

ಅವಳ ಕುಡುಗೋಲು ನಿಂತಿತು. “ಮೊದಲ್ನೇದು ಹೊಡೀದೆ ಸ್ಟೀಮ್ ನಿಲ್ಲಿಸ್ಬುಟ್ಟಾ?”

“ಹೂಂ ಕಣವ್ವ.”

“ಬೇಸಿನ್ನಾಗೆ ಇದ್ದದ್ದು ನಮ್ಮ ಹುಡುಗೀದು.”

“ಹೂಂ.”

“ಹದಿನೆಂಟು ವರ್ಷ ಸೈರನ್ ಹೊಡೆದೋನಿಗೆ ಇಷ್ಟೂ ತಿಳೀದೇ ಹೋಯ್ತಾ? ಗೂಡಿಗಾದ್ರೆ ಕಾಯ್ತಿದ್ದೆ, ಮನುಷ್ಯರಿಗೆ ಕಾಯ್ನಿಲ್ಲ.”

ಸೊಸೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ. ಅವಳು ನೀರು ಮಾತ್ರ ತಂದು ಜಗುಲಿಯ ಮೇಲಿಟ್ಟಳು. “ಅತ್ತೆ ಮುಂದೆ ಹೇಳಿದ್ದು ಸಾಲ್ದು ಕಣಣ್ಣ. ನಗಾಡಿದೋರು ಲೈನ್‌ನಾಗೆ ಅವ್ರೆ. ಅಲ್ಲಿ ಹೇಳು” ಎಂದಳು.

ಸೋಮವಾರ ಮೊದಲು ಆಫೀಸರಿಗೆ ಹೇಳಿದೆ. ಅವರು ಮೇಸ್ತ್ರಿಯ ಪುಸ್ತಕ ತರಿಸಿ ನೋಡಿದರು. ಪಟ್ಟಿ ಮೇಲಿನ ಆಫೀಸಿಗೆ ಹೋಗಿಯಾಗಿದೆ, ಮೇಸ್ತ್ರಿ ಪುಸ್ತಕದ ಮೇಲೆ ಆ ಮೂರು ದಿನ ಸೇರಿಸಿ ಮುಂದಿನ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಹಾಕುತ್ತೇನೆ ಎಂದರು. ಒಂದು ವಾರ ಮುಂಚೆ ಹೇಳಿದ್ದರೆ ಈ ಪಟ್ಟಿಯಲ್ಲೇ ಆಗುತ್ತಿತ್ತು ಎಂದೂ ಹೇಳಿದರು. ಮುಂದಿನ ಪಟ್ಟಿ ಬಂದದ್ದು ಎಂಟು ತಿಂಗಳ ಮೇಲೆ. ಅಷ್ಟೂ ದಿನ ಅವಳು ಆ ಹಳ್ಳಿ ಬಸ್ಸಿನಲ್ಲೇ ಓಡಾಡಿದಳು. ನನ್ನನ್ನು ಕಂಪ್ಯೂಟರಿನಿಂದ ಎಬ್ಬಿಸಿ ಸ್ಟೋರಿಗೆ ಹಾಕಿದರು, ಅದು ಸರಿಯಾಗಿಯೇ ಇತ್ತು.

ಅದೇ ಸಂಜೆ ಕ್ಯಾಂಟೀನಿನಲ್ಲಿ ಎರಡನೆಯ ಶಿಫ್ಟಿನವರು ಊಟಕ್ಕೆ ಬರುವವರೆಗೂ ಕಾದೆ. ಎಲ್ಲ ತಟ್ಟೆ ಹಿಡಿದು ಕೂತ ಮೇಲೆ ಎದ್ದು ನಿಂತು ಹೇಳಿದೆ. ದನಿ ಎಸ್ಸೆಸ್ಸೆಲ್ಸಿ ಫೇಲಾದಾಗ ಅಪ್ಪನ ಮುಂದೆ ಬಂದ ದನಿ. ಹಾಜರಿ ಕಳೆದವನು ನಾನು, ಮೇಸ್ತ್ರಿ ಬರೆದದ್ದು ನಿಜ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಈಗ ನನ್ನ ಕಡೆಗೆ ಬಂದಿತ್ತು. ಅಷ್ಟು ಹೇಳಿ ಕೂರಲು ಹೋದೆ.

“ಯಾವ್ಯಾವ ದಿನ ಅಂತಾನೂ ಹೇಳಣ್ಣ” ಎಂದಳು ಅವಳು. ಎದುರಿನ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು.

ಗೌರಿ ಹಬ್ಬದ ಹಿಂದಿನ ಬುಧವಾರ ಎಂದೆ. ದೀಪಾವಳಿ ಕಳೆದ ಮೊದಲ ಸೋಮವಾರ ಎಂದೆ. ಸಂಕ್ರಾಂತಿಯ ಮಾರನೆಯ ದಿನ ಎಂದೆ. ಮೂರನೆಯದನ್ನು ಹೇಳುವವರೆಗೂ ಅವಳು ಬೆರಳು ಮಡಿಸುತ್ತಾ ಕೂತಿದ್ದಳು. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿದಳು.