ಕೆಂಪು ದಾರದ ಲಾಳಿ

ಐವತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನನ್ನದು ಎರಡನೇ ಪಾಳಿ. ಅದೇ ಮಗ್ಗದಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದವನು ಹರಿಹರದಿಂದ ರೈಲಿಗೆ ಬರುತ್ತಿದ್ದ ನೇಕಾರ. ಲಾಳಿಗೆ ಹೊಸ ನೂಲು ಹಾಕಿದಾಗಲೆಲ್ಲ ಅದರ ತೂತಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರಗೆ ತೆಗೆಯಬೇಕಿತ್ತು. ಅವನು ಹೀರಿದ ಲಾಳಿಯನ್ನೇ ನಾನೂ ಹೀರಬೇಕು. ಅದೋ, ಗಬ್ಬೆಂದು ಸಾರಾಯಿ ನಾರುತ್ತಿತ್ತು.

ಒಂದು ದಿನ ಮನೆಯಲ್ಲಿ ಹೆಂಡತಿ ಮೂಗು ಮುಚ್ಚಿಕೊಂಡು, "ಇದನ್ನ ಯಾವಾಗ ಕಲ್ತ್ರಿ?" ಎಂದಳು. ಜನ್ಮದಲ್ಲಿ ಒಂದು ಹನಿ ಮುಟ್ಟದ ನನಗೆ ಪಿತ್ತ ನೆತ್ತಿಗೇರಿತು. ಮೇಸ್ತ್ರಿಗೆ ಹೇಳಿದರೆ ಅವನ ಕೆಲಸವೇ ಹೋಗುತ್ತಿತ್ತು. ಹಾಗಾಗಿ ಪಾಳಿ ಬದಲಾಗುವಾಗ ಅವನಿಗೇ ಚೆನ್ನಾಗಿ ಬೈದೆ.

ಮರುದಿನ ನೋಡಿದರೆ ಒಂದು ಲಾಳಿಗೆ ಕೆಂಪು ದಾರ ಕಟ್ಟಿದ್ದ.

"ಕುಡಿಯೋದು ಬಿಡಾಕ ಆಗ್ತಿಲ್ಲಣ್ಣಾ. ಇದು ನಂದು, ನೀವು ಮುಟ್ಟಬ್ಯಾಡ್ರಿ. ಉಳಿದವಕ್ಕೆ ನಾನು ಬಾಯಿ ಹಚ್ಚಲ್ಲ."

ಅಷ್ಟು ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಅವನು ಆ ದಾರ ಬಿಚ್ಚುತ್ತಿದ್ದ.

"ಇನ್ನ ಗುರುತು ಬ್ಯಾಡಣ್ಣಾ. ಬಿಟ್ಟು ಮೂರು ತಿಂಗಳಾತು."

ನಾನು ಸುಮ್ಮನೆ ನಂಬುವವನಲ್ಲ. ಲಾಳಿಯನ್ನು ಇಸಿದುಕೊಂಡು ಮೂಸಿದೆ. ಬರೀ ಹತ್ತಿಯ ವಾಸನೆ. ಅವನ ಎದುರಿಗೇ ಬಾಯಿಟ್ಟು ಎಳೆ ಹೀರಿದೆ.